ಮಧುಮೇಹಿಗಳ ಆರೋಗ್ಯ ವಿಮೆ: ಖಾನಾಪುರ–ಬೆಳಗಾವಿ ಸೀಮೆ

ಮಧುಮೇಹ ಇರುವವರ ಚಿಕಿತ್ಸೆಯ ಖರ್ಚನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಹೊರುವ ವ್ಯವಸ್ಥೆಗಳು ಕರ್ನಾಟಕದಲ್ಲಿ ಹಲವಿವೆ. ಸರ್ಕಾರಿ ಯೋಜನೆ, ಸಹಕಾರ ಸಂಘಗಳ ಯೋಜನೆ, ನೌಕರಿಯ ಜೊತೆ ಬರುವ ವಿಮೆ ಮತ್ತು ಖಾಸಗಿ ಪಾಲಿಸಿ ಇವುಗಳಲ್ಲಿ ಮುಖ್ಯವಾದವು. ಇವು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಒಂದರಲ್ಲಿ ಸಿಗುವುದು ಇನ್ನೊಂದರಲ್ಲಿ ಸಿಗುವುದಿಲ್ಲ.

ಖಾನಾಪುರ ತಾಲೂಕಿನ ಪೂರ್ವ ಭಾಗದ ಬೀಡಿ ಗ್ರಾಮವನ್ನೇ ನೋಡಬಹುದು. ಈ ಕಡೆಯವರು ‘ಸಕ್ಕರಿ ಬ್ಯಾನಿ’ ಎಂದೂ ಈಚೆಗೆ ಬರಿದೇ ‘ಶುಗರ್’ ಎಂದೂ ಕರೆಯುವ ಈ ಕಾಯಿಲೆ ಬಂದವರಿಗೆ ದಾರಿ ಮೂರು ಹಂತದ್ದು. ದಿನದ ಗುಳಿಗೆಗೆ ಹತ್ತಿರದ ದವಾಖಾನೆ, ರಕ್ತಪರೀಕ್ಷೆಗೂ ಗುಳಿಗೆ ಬದಲಿಸಲಿಕ್ಕೂ ಖಾನಾಪುರ. ಕಾಲಿನ ಗಾಯ ಕೀವಾದರೆ, ಎದೆನೋವು ಬಂದರೆ, ಮೂತ್ರಪಿಂಡ ಸೋತರೆ ಬೆಳಗಾವಿ. ಬಹುತೇಕ ವಿಮೆಗಳು ಈ ಮೂರನೆಯ ಹಂತದಲ್ಲಿ ಮಾತ್ರ ಕಣ್ಣು ತೆರೆಯುತ್ತವೆ. ಮೊದಲ ಎರಡು ಹಂತಗಳಲ್ಲಿ ವರ್ಷಗಟ್ಟಲೆ ಸೋರುವ ದುಡ್ಡು ಮನೆಯವರದೇ. ಈ ಸೀಮೆಯ ಮಧುಮೇಹಿಗಳ ವಿಮೆಯ ಬಗ್ಗೆ ಏನನ್ನೇ ಹೇಳಬೇಕಾದರೂ ಇಲ್ಲಿಂದಲೇ ಶುರುಮಾಡಬೇಕು.

ಕಾಯಿಲೆಯ ಸ್ವಭಾವ, ವಿಮೆಯ ಸ್ವಭಾವ

ಆಗಬಹುದು, ಆಗದೆಯೂ ಇರಬಹುದು ಎನ್ನುವ ನಷ್ಟಕ್ಕೆ ಮಾಡಿಟ್ಟುಕೊಂಡ ಏರ್ಪಾಡು ವಿಮೆ. ಮನೆಗೆ ಬೆಂಕಿ ಬಿದ್ದೀತು, ಎತ್ತು ಸತ್ತೀತು ಎನ್ನುವ ಲೆಕ್ಕ ಅದರದ್ದು. ಮಧುಮೇಹ ಹಾಗಲ್ಲ. ಒಮ್ಮೆ ಬಂದರೆ ಜೀವನಪೂರ್ತಿ ಜೊತೆಗಿರುತ್ತದೆ. ನಾಳೆಯೂ ಗುಳಿಗೆ ಬೇಕು, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು ಎಂಬುದು ಇವತ್ತೇ ಗೊತ್ತಿರುತ್ತದೆ. ಖಚಿತವಾಗಿ ಬರುವ ಖರ್ಚನ್ನು ವಿಮಾ ಕಂಪನಿಗಳು ಹೊರಲು ಒಪ್ಪುವುದಿಲ್ಲ. ಹಾಗಾಗಿ ‘ಆಸ್ಪತ್ರೆಗೆ ದಾಖಲಾದರೆ ಕೊಡುತ್ತೇವೆ’ ಎಂಬ ಷರತ್ತು ಹುಟ್ಟಿತು. ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕು. ಡಯಾಲಿಸಿಸ್, ಕಣ್ಣಿನ ಪೊರೆಯಂಥ ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಗಳಿಗೆ ಇದರಿಂದ ವಿನಾಯಿತಿ ಇದೆ. ಬರೀ ಪರೀಕ್ಷೆಗಾಗಿ ದಾಖಲಾದವರಿಗೆ ಹಣ ಸಿಗುವುದಿಲ್ಲ. ‘ಶುಗರ್ ಭಾಳ ಏರೈತಿ, ಎರಡು ದಿನ ಇರಲಿ’ ಎಂದು ಸೇರಿಸಿಕೊಂಡವರ ಎಷ್ಟೋ ಕ್ಲೇಮುಗಳು ಈ ಕಾರಣಕ್ಕೇ ಬಿದ್ದುಹೋಗುತ್ತವೆ.

ಈ ಹೊಂದಾಣಿಕೆಯ ಕೊರತೆ ಎಷ್ಟು ಜನರನ್ನು ತಟ್ಟುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅದು ಅಂದಾಜಿಸಿತು. ಇದು ಪೇಟೆಯ ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತು ಇನ್ನು ನಿಲ್ಲದು.

ಹಿಂದಿನ ಹೆಜ್ಜೆಗಳು

ಭಾರತದಲ್ಲಿ ಸಾಮಾನ್ಯರಿಗೆ ಕೊಳ್ಳಲು ಸಿಕ್ಕ ಮೊದಲ ದೊಡ್ಡ ಆರೋಗ್ಯ ಪಾಲಿಸಿ ಸಾರ್ವಜನಿಕ ವಲಯದ ಕಂಪನಿಗಳು 1986ರಲ್ಲಿ ತಂದ ‘ಮೆಡಿಕ್ಲೇಮ್’. ಮೊದಲೇ ಇದ್ದ ಕಾಯಿಲೆಗಳನ್ನು ಅದು ಹೊರಗಿಟ್ಟಿತ್ತು. ಮಧುಮೇಹಿಯ ಪಾಲಿಗೆ ಅದು ಅರ್ಧ ಬಾಗಿಲು.

ಹಳ್ಳಿಯ ಬಡವರಿಗೆ ವಿಮೆ ಕೊಡಬಹುದೇ ಎಂಬ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯಲ್ಲೇ ಒಂದು ಪ್ರಯೋಗ ನಡೆದಿತ್ತು. ಈಗ ಅದನ್ನು ನೆನೆಯುವವರು ಕಡಿಮೆ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲೂ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲೂ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಜೊತೆ ಸೇರಿ ಒಂದು ಪುಟ್ಟ ವಿಮೆ ಆರಂಭಿಸಿತು. ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ದಿನಕ್ಕೆ 50 ರೂಪಾಯಿ ಔಷಧಿಗೆ, 50 ರೂಪಾಯಿ ತಪ್ಪಿದ ಕೂಲಿಗೆ. ಮೊತ್ತ ಸಣ್ಣದು, ಆದರೆ ಅದರ ಹಿಂದಿನ ತಿಳಿವಳಿಕೆ ದೊಡ್ಡದು: ಬಡವನಿಗೆ ಕಾಯಿಲೆ ಬಂದರೆ ಆಸ್ಪತ್ರೆಯ ಬಿಲ್ಲಿನಷ್ಟೇ ಆ ದಿನದ ಪಗಾರವೂ ಹೋಗುತ್ತದೆ. ಕಾಲಿನ ಹುಣ್ಣಿಗೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸಿಕೊಳ್ಳುವ ಮಧುಮೇಹಿ ಕೂಲಿಕಾರರಿಗೆ ಇದು ಚೆನ್ನಾಗಿ ಗೊತ್ತು. ಅನಂತರ ಬಂದ ದೊಡ್ಡ ಸರ್ಕಾರಿ ಯೋಜನೆಗಳು ಕೂಲಿಯ ಮಾತನ್ನು ಎತ್ತಲಿಲ್ಲ.

ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡ ‘ಯಶಸ್ವಿನಿ’ 2003ರ ಜೂನ್‌ನಿಂದ ಜಾರಿಗೆ ಬಂದಿತು. ಸಹಕಾರ ಸಂಘದ ಸದಸ್ಯರಾದ ರೈತರು ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ರಕ್ಷಣೆ ಪಡೆದರು. ಊರ ‘ಸೊಸಾಯಿಟಿ’ಯಲ್ಲಿ ಷೇರು ಇದ್ದವರಿಗೆಲ್ಲ ಬೆಂಗಳೂರು, ಬೆಳಗಾವಿಯ ದೊಡ್ಡ ಆಸ್ಪತ್ರೆಗಳ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ. 2018ರಲ್ಲಿ ನಿಂತುಹೋದ ಈ ಯೋಜನೆಯನ್ನು 2022–23ರಲ್ಲಿ ಮತ್ತೆ ಆರಂಭಿಸಲಾಯಿತು. ಹೊಸ ರೂಪದಲ್ಲಿ ಗ್ರಾಮೀಣ ಸಹಕಾರಿಗಳು ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಟ್ಟಬೇಕು. 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೆಸರು ನೋಂದಾಯಿಸಲು ವರ್ಷಕ್ಕೊಂದು ಗಡುವು ಇರುತ್ತದೆ. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಬಡವರ ದೊಡ್ಡ ಕಾಯಿಲೆಗಳಿಗಾಗಿ ‘ವಾಜಪೇಯಿ ಆರೋಗ್ಯಶ್ರೀ’ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ, ಅದೇ ವರ್ಷ ಬೆಳಗಾವಿ ವಿಭಾಗದಲ್ಲಿ ಜಾರಿಯಾಯಿತು. ದಕ್ಷಿಣದ ಜಿಲ್ಲೆಗಳಿಗೆ ಅದು ತಲುಪಿದ್ದು 2012ರಲ್ಲಿ. ಈ ಸಲ ಉತ್ತರ ಕರ್ನಾಟಕಕ್ಕೆ ಸರತಿಯ ಮುಂದೆ ಜಾಗ ಸಿಕ್ಕಿತ್ತು. ಈ ಅಂತರವನ್ನೇ ಬಳಸಿಕೊಂಡು ಸಂಶೋಧಕರು ಯೋಜನೆ ಇದ್ದ ಮತ್ತು ಇಲ್ಲದ ಗಡಿಗೆರೆಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿದರು. ಯೋಜನೆ ಇದ್ದ ಕಡೆ, ಅದರ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು 64% ಕಡಿಮೆ ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿಯಾಯಿತು. ಅವುಗಳಲ್ಲಿ ಹೃದಯದ ಕಾಯಿಲೆಗಳದ್ದು ದೊಡ್ಡ ಪಾಲು, ಮಧುಮೇಹ ಕೊನೆಗೆ ಹೆಚ್ಚಾಗಿ ಹೊಡೆಯುವುದೂ ಹೃದಯಕ್ಕೇ. ಆಸ್ಪತ್ರೆಯ ಹಾಸಿಗೆಗೆ ಸೀಮಿತವಾದ ವಿಮೆಯನ್ನು ಟೀಕಿಸುವಾಗಲೂ ಈ ಅಂಕಿ ನೆನಪಿನಲ್ಲಿರಬೇಕು. ಅದು ಜೀವ ಉಳಿಸಿದೆ.

ಪಡಿತರ ಚೀಟಿಯ ಬಲದ ಮೇಲೆ

2018ರ ಮಾರ್ಚ್‌ನಲ್ಲಿ ರಾಜ್ಯವು ಹಳೆಯ ಯೋಜನೆಗಳನ್ನು ಸೇರಿಸಿ ‘ಆರೋಗ್ಯ ಕರ್ನಾಟಕ’ವನ್ನು ತಂದಿತು. ಕೇಂದ್ರದ ಆಯುಷ್ಮಾನ್ ಭಾರತ ಬಂದ ಮೇಲೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಎರಡೂ ಒಂದಾದವು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30% ಮಾತ್ರ ಸರ್ಕಾರದ ಪಾಲು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ.

ಮಧುಮೇಹಿಗಳಿಗೆ ಈ ಯೋಜನೆಯ ದೊಡ್ಡ ಗುಣವೆಂದರೆ ಮೊದಲೇ ಇರುವ ಕಾಯಿಲೆಯ ತಕರಾರು ಇಲ್ಲದಿರುವುದು. ಕಾಯುವ ಅವಧಿ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ಹೃದಯದ ಸ್ಟೆಂಟ್, ಡಯಾಲಿಸಿಸ್‌ನಂಥ ದುಬಾರಿ ಚಿಕಿತ್ಸೆಗಳಿಗೆ ಇಲ್ಲಿ ದಾರಿ ಇದೆ. ಬಿಪಿಎಲ್ ರೋಗಿಗಳ ಡಯಾಲಿಸಿಸ್‌ಗೆ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವೂ ನೆರವಾಗುತ್ತದೆ.

ಆದರೆ ಈ ದಾರಿಗೆ ಒಂದು ಮೆಟ್ಟಿಲಿದೆ. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ‘ಇದು ಇಲ್ಲಿ ಆಗುವುದಿಲ್ಲ’ ಎಂಬ ಶಿಫಾರಸು ಪತ್ರ ತರಬೇಕು. ಬೀಡಿಯ ಕಡೆಯವರಿಗೆ ಹಾಗೆಂದರೆ ಖಾನಾಪುರದ ತಾಲೂಕು ಆಸ್ಪತ್ರೆ, ಇಲ್ಲವೇ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಹೊಂದಿಕೊಂಡ ಜಿಲ್ಲಾ ಆಸ್ಪತ್ರೆ. ಅಲ್ಲಿಂದ ಮುಂದೆ ನೆಹರು ನಗರದ ಕೆಎಲ್‌ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳು. ಎದೆನೋವಿನಂಥ 169 ತುರ್ತು ಚಿಕಿತ್ಸೆಗಳಿಗೆ ಈ ಪತ್ರ ಬೇಕಿಲ್ಲ ಎಂಬ ನಿಯಮವನ್ನು ಎಲ್ಲ ಮನೆಗಳವರೂ ತಿಳಿದಿರಬೇಕು. ರಾತ್ರಿ ಎರಡು ಗಂಟೆಗೆ ಪತ್ರಕ್ಕಾಗಿ ಓಡಾಡಿದರೆ ಆ ಹೊತ್ತು ಮತ್ತೆ ಬರುವುದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಹೋಗಬೇಕಾದದ್ದು ಅವರ ಮೇಜಿಗೆ.

ಹೊರರೋಗಿಯಾಗಿ ಬರೆಸಿಕೊಂಡ ಗುಳಿಗೆ, ಇನ್ಸುಲಿನ್, ಗ್ಲುಕೋಮೀಟರ್ ಪಟ್ಟಿ ಈ ಯೋಜನೆಯಲ್ಲಿ ಬರುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ 15 ದಿನಗಳ ಔಷಧಿ ಆಯುಷ್ಮಾನ್ ಭಾರತದ ಪ್ಯಾಕೇಜಿನಲ್ಲಿದೆ. ಹದಿನಾರನೆಯ ದಿನದಿಂದ ಮತ್ತೆ ಕಿಸೆಯಿಂದಲೇ. ಬೆರಳು ಕಪ್ಪಾಗಿ ಕಾಲು ತೆಗೆಯಬೇಕಾದಾಗ ಲಕ್ಷ ರೂಪಾಯಿಗೂ ಸಿದ್ಧವಿರುವ ವ್ಯವಸ್ಥೆ, ಆ ಕಾಲನ್ನು ಉಳಿಸಬಹುದಾಗಿದ್ದ ತಿಂಗಳ ಗುಳಿಗೆಗೆ ಒಂದು ರೂಪಾಯಿಯನ್ನೂ ಲೆಕ್ಕದಲ್ಲಿ ಇಟ್ಟಿಲ್ಲ. ಇದರಿಂದ ಸರ್ಕಾರಕ್ಕೂ ಉಳಿತಾಯವಿಲ್ಲ, ಮನುಷ್ಯರ ಕಾಲೂ ಉಳಿಯುವುದಿಲ್ಲ.

ಗಡಿಯ ಜಗಳ ಈ ವಿಷಯವನ್ನೂ ಬಿಟ್ಟಿಲ್ಲ. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ತನ್ನ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ, ತಾನು ತನ್ನದೆನ್ನುವ 865 ಹಳ್ಳಿ–ಪಟ್ಟಣಗಳಿಗೆ ವಿಸ್ತರಿಸಲು ಮುಂದಾಯಿತು. ಕರ್ನಾಟಕ ಅದನ್ನು ಬಲವಾಗಿ ವಿರೋಧಿಸಿತು. ರಾಜಕೀಯ ಏನೇ ಇರಲಿ, ಚಿಕಿತ್ಸೆಗಾಗಿ ಮಿರಜ, ಕೊಲ್ಲಾಪುರದ ಕಡೆಗೂ ಹೋಗುವ ಈ ಸೀಮೆಯ ರೋಗಿಗಳು ತಮ್ಮ ಕಾರ್ಡು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಗುಳಿಗೆಯನ್ನೂ ಕೊಡುವ ಎರಡು ವ್ಯವಸ್ಥೆಗಳು

ಮಧುಮೇಹದ ಸ್ವಭಾವಕ್ಕೆ ಒಪ್ಪುವ ವಿಮೆ ಹೇಗಿರಬೇಕೆಂಬುದಕ್ಕೆ ಮಾದರಿ ಬೆಳಗಾವಿ ನಗರದಲ್ಲೇ ಇದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಉದ್ಯಮಬಾಗದ ಫೌಂಡ್ರಿ, ಕಾರ್ಖಾನೆಗಳ ಕಾರ್ಮಿಕರಿಗೆ ಅನ್ವಯಿಸುವ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಅಂಥದ್ದು. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇದರಲ್ಲಿ ಬರುತ್ತಾರೆ. ಕಾರ್ಮಿಕರಿಂದ ಪಗಾರದ 0.75%, ಮಾಲೀಕರಿಂದ 3.25% ವಂತಿಗೆ. ಇದರಲ್ಲಿ ಹೊರರೋಗಿಯ ತಪಾಸಣೆ, ಗುಳಿಗೆ, ಇನ್ಸುಲಿನ್, ದಾಖಲಾತಿ ಎಲ್ಲವೂ ಸೇರಿವೆ. ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಗೂ ಸಿಗುತ್ತದೆ. ಮೊದಲೇ ಕಾಯಿಲೆ ಇತ್ತೇ ಎಂದು ಯಾರೂ ಕೇಳುವುದಿಲ್ಲ.

ಬೈಲಹೊಂಗಲದ ಆ ಹಳೆಯ ಪ್ರಯೋಗ ಎತ್ತಿದ್ದ ಕೂಲಿಯ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ಕಾಯಿಲೆಯಿಂದ ಕೆಲಸ ತಪ್ಪಿದರೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ 70% ಸಿಗುತ್ತದೆ. ಮಧುಮೇಹದಿಂದ ಕಣ್ಣಿನ ಅಕ್ಷಿಪಟ, ಕಾಲು ಅಥವಾ ಮೂತ್ರಪಿಂಡ ಹಾಳಾದ ಸ್ಥಿತಿಯು ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದೆ. ವಂತಿಗೆಯ ಷರತ್ತು ಪೂರೈಸಿದವರಿಗೆ ಅಂಥ ಸಂದರ್ಭದಲ್ಲಿ ಎರಡು ವರ್ಷಗಳವರೆಗೆ 80% ಪರಿಹಾರ ದೊರೆಯಬಹುದು. ಔಷಧಿ ಖಾಲಿಯಾಗುವುದು, ಸರತಿ ಉದ್ದವಾಗುವುದು ಇಂಥ ದೂರುಗಳು ಇಎಸ್‌ಐ ಬಗ್ಗೆ ದೇಶದ ಎಲ್ಲೆಡೆಯೂ ಕೇಳಿಬರುತ್ತವೆ. ಆದರೂ ಕಾಗದದ ಮೇಲಿನ ಹಕ್ಕಾಗಿ ನೋಡಿದರೆ, ಕಾರ್ಮಿಕ ಮಧುಮೇಹಿಗೆ ಇದಕ್ಕಿಂತ ಒಳ್ಳೆಯದು ದೇಶದಲ್ಲಿ ಇನ್ನೊಂದಿಲ್ಲವೆಂದೇ ಹೇಳಬೇಕು. ಕೆಲಸ ಬಿಟ್ಟರೆ ಈ ರಕ್ಷಣೆಯೂ ಹೆಚ್ಚು ದಿನ ನಿಲ್ಲುವುದಿಲ್ಲ. ಹೊಲದಲ್ಲಿ ದುಡಿಯುವವರಿಗೆ ಅದು ಮೊದಲೂ ಇರಲಿಲ್ಲ.

ಇನ್ನೊಂದು ಮಾಜಿ ಸೈನಿಕರದ್ದು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಸುತ್ತಲ ಹಳ್ಳಿಗಳಲ್ಲಿ ನಿವೃತ್ತ ಸೈನಿಕರ ಮನೆಗಳು ಬಹಳ. 2003ರ ಏಪ್ರಿಲ್ 1ರಂದು ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ (ಇಸಿಎಚ್‌ಎಸ್) ತನ್ನ ಪಾಲಿಕ್ಲಿನಿಕ್‌ಗಳ ಮೂಲಕ ದಿನದ ಗುಳಿಗೆಯನ್ನೂ ಕೊಡುತ್ತದೆ.

ಖಾಸಗಿ ಪಾಲಿಸಿ

ಬಿಪಿಎಲ್ ಕಾರ್ಡೂ ಇಲ್ಲದ, ಇಎಸ್‌ಐಯೂ ಇಲ್ಲದ ಮಧ್ಯಮ ವರ್ಗದವರು, ಅಂದರೆ ಅಂಗಡಿಕಾರರು, ಖಾಸಗಿ ಶಾಲೆಯ ಮೇಷ್ಟ್ರುಗಳು, ನಾಲ್ಕೈದು ಎಕರೆ ಕಬ್ಬಿನವರು, ಪಾಲಿಸಿ ಕೊಳ್ಳಬೇಕಾಗುತ್ತದೆ. ದೊಡ್ಡ ಕಂಪನಿಗಳು ನೌಕರರಿಗೆ ಮಾಡಿಸುವ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಮಧುಮೇಹ ಮೊದಲ ದಿನದಿಂದಲೇ ಸೇರಿರುತ್ತದೆ. ಸ್ವಂತಕ್ಕೆ ಕೊಳ್ಳುವಾಗಲೇ ತೊಡಕು.

ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ್ದ ಅಥವಾ ಚಿಕಿತ್ಸೆ ಹೇಳಿದ್ದ ಕಾಯಿಲೆಯನ್ನು ‘ಮೊದಲೇ ಇದ್ದ ಕಾಯಿಲೆ’ ಎಂದು ಎಣಿಸುತ್ತಾರೆ. ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಕಂಪನಿ ಒಂದು ಅವಧಿಯವರೆಗೆ ಹಣ ಕೊಡುವುದಿಲ್ಲ. ಈ ಕಾಯುವ ಅವಧಿ ಹಿಂದೆ 48 ತಿಂಗಳವರೆಗೆ ಇರಬಹುದಿತ್ತು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಹೊಸ ನಿಯಮಗಳಂತೆ 2024ರ ಏಪ್ರಿಲ್‌ನಿಂದ ಅದು 36 ತಿಂಗಳನ್ನು ಮೀರುವಂತಿಲ್ಲ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ‘ನೀವು ಮೊದಲು ಹೇಳಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ. ಇದು ಮೊದಲು ಎಂಟು ವರ್ಷವಿತ್ತು. ‘ಸತತ’ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಂತು ಕಟ್ಟದೆ ಪಾಲಿಸಿ ಕಡಿದುಹೋದರೆ ಕಾಯ್ದ ತಿಂಗಳುಗಳೂ ಕೈಬಿಟ್ಟಂತೆ. ಕಂಪನಿ ಬದಲಿಸಬೇಕಾದರೆ ‘ಪೋರ್ಟ್’ ಮಾಡಿಸಿಕೊಂಡರೆ ಆ ತಿಂಗಳುಗಳು ಜೊತೆಗೆ ಬರುತ್ತವೆ.

ಮಧುಮೇಹಿಗಳಿಗೆಂದೇ ಮಾಡಿದ ಪಾಲಿಸಿಗಳೂ ಇವೆ. ಸ್ಟಾರ್ ಹೆಲ್ತ್‌ನ ‘ಡಯಾಬಿಟಿಸ್ ಸೇಫ್’ ಇದಕ್ಕೆ ಪರಿಚಿತ ಉದಾಹರಣೆ. ಇಂಥವುಗಳಲ್ಲಿ ಮೊದಲೇ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡವರಿಗೆ ಕಾಯದೆಯೇ ರಕ್ಷಣೆ ಸಿಗುವ ಬಗೆಯೂ ಉಂಟು. ಅದಕ್ಕೆ ತಕ್ಕಂತೆ ಪ್ರೀಮಿಯಂ ಹೆಚ್ಚು. ಎಲ್ಲ ಕಂಪನಿಗಳೂ ಒಂದೇ ರೂಪದಲ್ಲಿ ಮಾರಬೇಕೆಂದು 2020ರಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಓದಿ ತಿಳಿಯಲು ಸುಲಭ. ಪ್ರತಿ ಬಿಲ್ಲಿನ 5% ಅನ್ನು ರೋಗಿಯೇ ಕೊಡಬೇಕು, ದಾಖಲಾಗುವ ಮೊದಲಿನ 30 ದಿನ ಹಾಗೂ ಬಿಡುಗಡೆಯ ನಂತರದ 60 ದಿನಗಳ ಖರ್ಚು ಸೇರಿದೆ, ಕಣ್ಣಿನ ಪೊರೆಗೆ ಎರಡು ವರ್ಷ ಕಾಯಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ 18% ಜಿಎಸ್‌ಟಿ ರದ್ದಾದದ್ದು ಹೆಚ್ಚು ಪ್ರೀಮಿಯಂ ಕಟ್ಟುವ ಮಧುಮೇಹಿಗಳಿಗೆ ನಿಜವಾದ ನೆರವು.

ಮುಚ್ಚಿಟ್ಟ ಶುಗರ್, ಹೇಳಿದ ಶುಗರ್

ಪಾಲಿಸಿಯ ಅರ್ಜಿಯಲ್ಲಿ ಮಧುಮೇಹ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿಸುವ ಏಜೆಂಟರು ಎಲ್ಲ ಊರುಗಳಲ್ಲೂ ಇದ್ದಾರೆ. ‘ಗುಳಿಗಿ ಒಂದ ಐತಲ್ಲ, ಬರೀಬ್ಯಾಡ್ರಿ’ ಎಂಬ ಆ ಸಲಹೆ ಎಂಥ ಬೆಲೆ ತೆರಿಸಬಹುದು ಎಂಬುದು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಕಾಣುತ್ತದೆ.

2009ರ ಜುಲೈನಲ್ಲಿ ತೀರ್ಮಾನವಾದ ಪ್ರಕರಣದಲ್ಲಿ, ದೀರ್ಘಕಾಲದ ಮಧುಮೇಹ ಮತ್ತು ಮೂತ್ರಪಿಂಡದ ವೈಫಲ್ಯವನ್ನು ತಿಳಿಸದೆ ಮೆಡಿಕ್ಲೇಮ್ ಪಾಲಿಸಿ ಕೊಂಡಿದ್ದ ವ್ಯಕ್ತಿ ತೀರಿಕೊಂಡಿದ್ದರು. ಅವರ ಪತ್ನಿಗೆ ಹಣ ಸಿಗಲಿಲ್ಲ. ವಿಮೆ ಎಂಬುದು ಪರಸ್ಪರ ಪೂರ್ಣ ನಂಬಿಕೆಯ ಒಪ್ಪಂದ, ಕಂಪನಿಯ ನಿರ್ಧಾರವನ್ನು ಬದಲಿಸಬಲ್ಲ ಸಂಗತಿಯನ್ನು ಮುಚ್ಚಿಡುವಂತಿಲ್ಲ ಎಂದು ನ್ಯಾಯಾಲಯ ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು.

2021ರ ಡಿಸೆಂಬರ್ 6ರ ತೀರ್ಪಿನ ಕಥೆ ಇದಕ್ಕೆ ತದ್ವಿರುದ್ಧ. ಅಮೆರಿಕಕ್ಕೆ ಹೊರಟಿದ್ದ ಮಧುಮೇಹಿಯೊಬ್ಬರು ಪ್ರವಾಸದ ವೈದ್ಯಕೀಯ ಪಾಲಿಸಿ ಕೊಳ್ಳುವಾಗ ತಮಗೆ ಮಧುಮೇಹ ಇರುವುದನ್ನು ಹೇಳಿದ್ದರು, ತಪಾಸಣೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೋ ತಲುಪಿದಾಗ ಹೃದಯಾಘಾತವಾಗಿ ಸ್ಟೆಂಟ್ ಹಾಕಬೇಕಾಯಿತು. ಮಧುಮೇಹ ಮತ್ತು ಕೊಲೆಸ್ಟರಾಲ್ ಮೊದಲೇ ಇದ್ದವು ಎಂದು ಕಂಪನಿ ಹಣ ನಿರಾಕರಿಸಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇದನ್ನು ಒಪ್ಪಲಿಲ್ಲ. ಆರೋಗ್ಯದ ಸ್ಥಿತಿಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ, ಅರ್ಜಿಯಲ್ಲಿ ತಿಳಿಸಿದ್ದ ಸ್ಥಿತಿಯನ್ನೇ ಮುಂದೊಡ್ಡಿ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು ಹೇಳಿತು.

ಮಧುಮೇಹದ ಕ್ಲೇಮುಗಳ ಜಗಳ ಬಹುತೇಕ ಇಲ್ಲೇ ಹುಟ್ಟುತ್ತದೆ. ಹೃದಯ, ಕಣ್ಣು, ನರ, ಮೂತ್ರಪಿಂಡ ಎಲ್ಲಕ್ಕೂ ಸಕ್ಕರೆಯ ಸಂಬಂಧ ಕಟ್ಟಬಹುದಾದ್ದರಿಂದ ಯಾವುದೇ ಕಾಯಿಲೆಯನ್ನೂ ‘ಹಳೆಯದರ ಮುಂದುವರಿಕೆ’ ಎನ್ನಲು ಕಂಪನಿಗೆ ಆಸ್ಪದವಿದೆ. ಅರ್ಜಿಯಲ್ಲಿ ನಿಜ ಬರೆದು ಅದರ ಪ್ರತಿಯನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟುಕೊಂಡವರ ಕೈ ಆಗ ಗಟ್ಟಿಯಾಗಿರುತ್ತದೆ.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ.

ವಿಮೆಯ ಹೊರಗಿನ ಗುಳಿಗೆ

ವಿಮೆ ಬಿಟ್ಟ ಜಾಗವನ್ನು ಅಷ್ಟಿಷ್ಟು ತುಂಬುತ್ತಿರುವುದು ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಗಳು. ಅಸಾಂಕ್ರಾಮಿಕ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಇದರಡಿ 30 ದಾಟಿದವರ ತಪಾಸಣೆ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೆಟ್‌ಫಾರ್ಮಿನ್‌ನಂಥ ಗುಳಿಗೆಗಳನ್ನು ಉಚಿತವಾಗಿ ಕೊಡಬೇಕು. ಕರ್ನಾಟಕ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆ ಆರೋಗ್ಯ ಕಾರ್ಯಕರ್ತರನ್ನು ಮನೆಬಾಗಿಲಿಗೇ ಕಳಿಸುತ್ತದೆ. ಸಿಟಾಗ್ಲಿಪ್ಟಿನ್ 2022ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರಲ್ಲಿ ಪೇಟೆಂಟಿನಿಂದ ಹೊರಬಂದ ಮೇಲೆ ಅವುಗಳ ಬೆಲೆಯೂ ಇಳಿದಿದೆ. ಗುಳಿಗೆ ತಿಂಗಳು ತಪ್ಪದೆ ಊರಿನ ಕೇಂದ್ರದಲ್ಲಿ ಸಿಕ್ಕರೆ ಬೆಳಗಾವಿಯ ದಾರಿ ಹಿಡಿಯುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ಮನೆಬಾಗಿಲ ತಪಾಸಣೆಗೆ ಬೆರಳು ಕೊಡಲು ಹಿಂಜರಿಯುವವರೂ ಇದ್ದಾರೆ. ಶುಗರ್ ಇದೆಯೆಂದು ಒಮ್ಮೆ ಬರೆದಿಟ್ಟರೆ ಮುಂದೆ ಪಾಲಿಸಿ ಸಿಗದೇನೋ ಎಂಬ ಭಯ ಅದರ ಹಿಂದೆ ಇರಬಹುದು. ಆದರೆ ಹೆದರಿ ತಪಾಸಣೆ ತಪ್ಪಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಪಾಲಿಸಿಗೆ ಮುಂಚೆ ಕಂಪನಿ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಗೂ ತೋರಿಸಿಬಿಡುತ್ತದೆ. ಪಾಲಿಸಿ ಸಿಕ್ಕವರು ಕಾಯಬೇಕಾದದ್ದು ಹೆಚ್ಚೆಂದರೆ 36 ತಿಂಗಳು. ಗೊತ್ತಿಲ್ಲದೆ ಕಳೆದ ವರ್ಷಗಳಲ್ಲಿ ಕಣ್ಣಿಗೂ ಕಾಲಿಗೂ ಆದ ಹಾನಿಯನ್ನು ಯಾವ ಪಾಲಿಸಿಯೂ ಹಿಂದಿರುಗಿಸುವುದಿಲ್ಲ. ಬಿಪಿಎಲ್ ಕಾರ್ಡಿನವರಿಗಂತೂ ಈ ಭಯದ ಅಗತ್ಯವೇ ಇಲ್ಲ. ಆರೋಗ್ಯ ಮಿತ್ರನ ಮೇಜಿನ ಮುಂದೆ ಶುಗರ್ ಯಾವಾಗ ಬಂತು ಎಂಬ ಕಾರಣಕ್ಕೆ ಯಾರನ್ನೂ ವಾಪಸು ಕಳಿಸುವಂತಿಲ್ಲ.